ನಿದ್ರೆ ಮಾತ್ರೆ ಶುರುವಾದ ಮೇಲೆ ಹೊಸ ಪಾಠ ನೆನಪಿನಲ್ಲಿ ಉಳಿಯುತ್ತಿಲ್ಲ

ವೀಣೆ ಕಲಿಯುವವಳು, ತುಮಕೂರು:
ನನಗೆ 58 ವರ್ಷ. ಯಜಮಾನರು ತೀರಿಕೊಂಡ ಮೇಲೆ ನಿದ್ರೆ ಹತ್ತುತ್ತಿರಲಿಲ್ಲ. ವೈದ್ಯರು 0.5 ಮಿ.ಗ್ರಾಂ. ಆಲ್ಪ್ರಾಜೊಲಾಮ್ ಬರೆದುಕೊಟ್ಟರು. ರಾತ್ರಿ ಹತ್ತಕ್ಕೆ ನುಂಗಿ, ಕಣ್ಣು ಎಳೆಯುವವರೆಗೆ ಹೊಸ ಕೃತಿಯ ಸಾಹಿತ್ಯವನ್ನು ಬಾಯಿಪಾಠ ಮಾಡುತ್ತೇನೆ. ಬೆಳಿಗ್ಗೆ ಎದ್ದರೆ ಚರಣದ ಒಂದು ಸಾಲೂ ನೆನಪಿರುವುದಿಲ್ಲ. ಲಂಗ ತೊಡುವ ವಯಸ್ಸಿನಲ್ಲಿ ಕಲಿತ ಗೀತೆ, ವರ್ಣಗಳು ಮಾತ್ರ ಒಂದು ಸ್ವರವೂ ತಪ್ಪದೆ ಬರುತ್ತವೆ. ಇದು ಮರೆಗುಳಿ ರೋಗದ ಆರಂಭವೇ? ತುಂಬ ಹೆದರಿದ್ದೇನೆ.

ಅರಿವಳಿಕೆ ವೈದ್ಯೆ, ಮಂಗಳೂರು:
ಅಮ್ಮಾ, ಹಳೆಯದು ಉಳಿದು ಹೊಸದು ನಿಲ್ಲದಿರುವುದು ಈ ಗುಂಪಿನ ಔಷಧಗಳಲ್ಲಿ ನಾವು ದಿನನಿತ್ಯ ಕಾಣುವ ಪರಿಣಾಮ. ಇದೇ ಗುಂಪಿನ ಮಿಡಜೊಲಾಮ್ ಅನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುತ್ತೇವೆ. ರೋಗಿಗಳು ಎಚ್ಚರವಾಗಿಯೇ ಇರುತ್ತಾರೆ, ಮಗಳ ಮದುವೆ ಗೊತ್ತಾದ ಸುದ್ದಿ ಹೇಳುತ್ತಾರೆ. ಮರುದಿನ ಕೇಳಿದರೆ ಆ ಮಾತುಕತೆಯೇ ಗೊತ್ತಿಲ್ಲ! ಮಗಳ ಹೆಸರು, ಮನೆಯ ವಿಳಾಸ ಎಲ್ಲವೂ ನೆನಪಿರುತ್ತದೆ. ಮೆದುಳಿನಲ್ಲಿ ನರಕೋಶಗಳ ಚಟುವಟಿಕೆ ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಈ ಮಾತ್ರೆಗಳು ಹೆಚ್ಚಿಸುತ್ತವೆ. ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್ ಕೂಡ ಆಗ ಮಂದವಾಗುತ್ತದೆ. ಬಾಯಿಪಾಠವನ್ನು ಸಂಜೆ, ಮಾತ್ರೆಗೆ ಮೊದಲೇ ಮುಗಿಸಿ. ಆದರೂ ಒಮ್ಮೆ ವೈದ್ಯರಿಗೆ ತೋರಿಸಲೇಬೇಕು. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ.

ಔಷಧ ಅಂಗಡಿಯವನು, ಹಾಸನ:
ಒಂದು ಮಾತು ಸೇರಿಸುತ್ತೇನೆ. ಆಲ್ಪ್ರಾಜೊಲಾಮ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 11 ಗಂಟೆ ಬೇಕು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಅಂದರೆ ಬೆಳಗಿನ ಅಭ್ಯಾಸಕ್ಕೆ ಕೂರುವಾಗಲೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ. ಹಾಗೆಂದು ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ದಿನವೂ ತೆಗೆದುಕೊಳ್ಳುತ್ತಿದ್ದವರು ತಟ್ಟನೆ ಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ. ವೈದ್ಯರು ಹೇಳಿದಂತೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಹಳೆಯ ಚೀಟಿ ಹಿಡಿದು ಇದೇ ಮಾತ್ರೆಗೆ ಮತ್ತೆ ಮತ್ತೆ ಬರುವ ಹಿರಿಯರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 2014ರಿಂದ ಇದು ಮಾರಾಟಕ್ಕೆ ಬಿಗಿ ನಿಯಮವಿರುವ ಔಷಧಗಳ ಎಚ್1 ಪಟ್ಟಿಯಲ್ಲಿದೆ; ಕೊಂಡವರ, ಬರೆದ ವೈದ್ಯರ ಹೆಸರನ್ನು ನಾವು ಪುಸ್ತಕದಲ್ಲಿ ದಾಖಲಿಸಲೇಬೇಕು.

ವೀಣೆ ಕಲಿಯುವವಳು, ತುಮಕೂರು:
ಇಬ್ಬರಿಗೂ ನಮಸ್ಕಾರ. ಇನ್ನೊಂದು ವಿಚಿತ್ರವಿದೆ. ಸಾಹಿತ್ಯ ಮರೆತರೂ ಹೊಸ ಕೃತಿಯ ಮೀಟು, ಗಮಕಗಳು ಬೆರಳಿಗೆ ಹತ್ತುತ್ತಿವೆ. ಗುರುಗಳೂ ಅದನ್ನೇ ಹೇಳಿದರು.

ಅರಿವಳಿಕೆ ವೈದ್ಯೆ, ಮಂಗಳೂರು:
ಅದೂ ಹೊಂದುತ್ತದೆ ಅಮ್ಮಾ. ಕೈಯ ಅಭ್ಯಾಸ ಬಹುಮಟ್ಟಿಗೆ ಮೆದುಳಿನ ಬೇರೆ ಭಾಗಗಳ ಕೆಲಸ, ಅದಕ್ಕೆ ಬೀಳುವ ಪೆಟ್ಟು ಕಡಿಮೆ. ವೈದ್ಯರ ಬಳಿ ಹೋದಾಗ ಈ ವಿಷಯವನ್ನೂ, ಮಾತ್ರೆ ನುಂಗುವ ಸಮಯವನ್ನೂ ಹೇಳಿ.