ಮಗ ಫುಟ್‌ಬಾಲ್ ಮಿಡ್‌ಫೀಲ್ಡರ್, ವಯಸ್ಸು 16. ಮುಂದಿನ ದಾರಿ ಹೇಗೆ? ಗೊತ್ತಿರುವವರು ಹೇಳಿ

ಪ್ರಶ್ನೆ
ಮಗ ಬೆಂಗಳೂರಿನ ಒಂದು ಕ್ಲಬ್‌ನ ಯೂತ್ ಟೀಮಲ್ಲಿ ಸೆಂಟ್ರಲ್ ಮಿಡ್‌ಫೀಲ್ಡ್, ಅಂದರೆ ಮೈದಾನದ ನಡುಭಾಗದಲ್ಲಿ ಆಡ್ತಾನೆ. 5 ಅಡಿ 5 ಇಂಚು, 54 ಕೆಜಿ. ಎರಡು ಟ್ರಯಲ್ಸ್‌ನಲ್ಲಿ ಕೈಬಿಟ್ಟರು. "ಟಚ್ ಚೆನ್ನಾಗಿದೆ, ಆಟದಲ್ಲಿ ಕಾಣಿಸಲ್ಲ" ಅಂದರಂತೆ. ಈಗ ಒಬ್ಬರು ಎರಡು ಲಕ್ಷ ಕೊಟ್ಟರೆ ಸ್ಪೇನ್‌ನ ಕ್ಲಬ್‌ಗೆ ಸೇರಿಸ್ತೀನಿ ಅಂತಿದ್ದಾರೆ. ಜಿಮ್‌ಗೆ ಹಾಕಬೇಕಾ? ಓದು ಬಿಡಿಸಬೇಕಾ? ಏನೂ ತೋಚುತ್ತಿಲ್ಲ.

ಯೂತ್ ಕೋಚ್ ಒಬ್ಬರ ಉತ್ತರ
ಮೇಡಂ, "ಕಾಣಿಸಲ್ಲ" ಅನ್ನೋದಕ್ಕೆ ಬಹುಪಾಲು ಎರಡೇ ಕಾರಣ. ಜಿಮ್ ವಿಚಾರ ಆಮೇಲೆ. ಮೊದಲು ಒಂದು ಪಂದ್ಯವನ್ನು ಗ್ಯಾಲರಿ ಮೆಟ್ಟಿಲ ಮೇಲಿಂದ ಫೋನಲ್ಲಿ ಶೂಟ್ ಮಾಡಿ. ಚೆಂಡಿನ ಹಿಂದೆ ಕ್ಯಾಮೆರಾ ಓಡಿಸಬೇಡಿ, ಅವನನ್ನೇ ಹಿಡಿಯಿರಿ. ಮನೆಗೆ ಬಂದು, ಪ್ರತಿ ಸಲ ಅವನ ಕಾಲಿಗೆ ಚೆಂಡು ಬರುವುದಕ್ಕೆ ಮುಂಚಿನ ಹತ್ತು ಸೆಕೆಂಡಲ್ಲಿ ಕತ್ತು ಎಷ್ಟು ಸಲ ಹಿಂದೆ ತಿರುಗಿತು ಅಂತ ಎಣಿಸಿ. ಒಂದೋ ಎರಡೋ ಇದ್ದರೆ ರೋಗ ಅಲ್ಲೇ ಇದೆ. ಬೆನ್ನ ಹಿಂದೆ ಯಾರಿದ್ದಾರೆ ಅಂತ ಗೊತ್ತಿಲ್ಲದವನು ಚೆಂಡು ಬಂದ ದಾರಿಗೇ ವಾಪಸ್ ಕೊಡ್ತಾನೆ. ತಪ್ಪಂತೂ ಆಗಲ್ಲ, ಆದರೆ ಆಟ ಮುಂದಕ್ಕೂ ಹೋಗಲ್ಲ. ಆಯ್ಕೆ ಮಾಡುವವರ ಕಣ್ಣಿಗೆ ಅವನು ಬೀಳಲ್ಲ.

ಅಭ್ಯಾಸ ಹೀಗೆ: 10 ಮೀಟರ್ ಚೌಕ, ಮಧ್ಯೆ ಅವನು. ಮುಂದೆ ಒಬ್ಬ ಚೆಂಡು ಕೊಡುವವನು. ಹಿಂದಿನ ಎರಡು ಮೂಲೆಗಳಲ್ಲಿ ಇಬ್ಬರು, ಇಬ್ಬರ ಕೈಯಲ್ಲೂ ಕೆಂಪು, ಹಳದಿ ಬಿಬ್ (ಟೀಮ್ ಗುರುತಿಗೆ ಹಾಕುವ ತೋಳಿಲ್ಲದ ಬನಿಯನ್). ಚೆಂಡು ಕೊಡುವವನ ಕಾಲು ಬಿಟ್ಟ ಮೇಲೆ ಒಬ್ಬ ಕೆಂಪು, ಇನ್ನೊಬ್ಬ ಹಳದಿ ಬಿಬ್ ಎತ್ತುತ್ತಾನೆ. ಹಳದಿ ಎತ್ತಿದ ಮೂಲೆಗೆ ಪಾಸ್ ಹೋಗಬೇಕು, ಮೊದಲ ಟಚ್‌ಗೆ ಮುಂಚೆಯೇ ಎಡ, ಬಲ ಮೂಲೆಗಳ ಬಣ್ಣ ಕೂಗಿ ಹೇಳಬೇಕು, ಒಟ್ಟು ಎರಡೇ ಟಚ್. 90 ಸೆಕೆಂಡಿನ ನಾಲ್ಕು ಸುತ್ತು ಸಾಕು. ಬಣ್ಣ ಕೂಗಿಸದಿದ್ದರೆ ಹುಡುಗರು ಸುಮ್ಮನೆ ಕತ್ತು ಅಲ್ಲಾಡಿಸೋದು ಕಲೀತಾರೆ, ಏನನ್ನೂ ನೋಡಿರಲ್ಲ. ಮೈ ಓರೆ ಇಟ್ಟು, ಚೆಂಡು ಬರುವ ಕಡೆಯಿಂದ ದೂರದ ಕಾಲಲ್ಲಿ ತಗೊಳ್ಳಲಿ. ಹತ್ತಿರದ ಕಾಲಲ್ಲಿ ತಗೊಂಡರೆ ತಿರುಗೋಕೆ ಒಂದು ಹೆಜ್ಜೆ ಜಾಸ್ತಿ ಬೇಕು, ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರ್ತಾನೆ.

ಎರಡನೇ ಕಾರಣ ನಿಲ್ಲುವ ಜಾಗ. ಚೆಂಡು ಇರುವ ಡಿಫೆಂಡರ್‌ಗೂ ನಿಮ್ಮ ಮಗನಿಗೂ ಮಧ್ಯೆ ಎದುರಾಳಿ ನಿಂತಿದ್ದರೆ ಪಾಸ್ ಬರೋದೇ ಇಲ್ಲ. ಕೈ ಎತ್ತಿ ಕೂಗಿ ಪ್ರಯೋಜನವಿಲ್ಲ. ಎರಡು ಮೂರು ಹೆಜ್ಜೆ ಪಕ್ಕಕ್ಕೆ ಸರಿದರೆ ದಾರಿ ತೆರೀತದೆ.

ಇನ್ನೊಂದು, ಅವನನ್ನು ಒಂದೇ ನಂಬರಿಗೆ, ಅಂದರೆ ಒಂದೇ ಆಡುವ ಜಾಗಕ್ಕೆ ಕಟ್ಟಿಹಾಕಬೇಡಿ. 6 ಅಂದರೆ ಡಿಫೆನ್ಸ್ ಮುಂದೆ ನಿಲ್ಲುವವನು, 8 ಎರಡೂ ಗೋಲಿನ ಮುಂದಿನ ಬಾಕ್ಸ್‌ಗಳ ಮಧ್ಯೆ ಓಡುವವನು, 10 ಸ್ಟ್ರೈಕರ್ ಬೆನ್ನಿಗೆ ಆಡುವವನು. ಇಟಲಿಯ ಪಿರ್ಲೊ 10 ಆಗಿದ್ದವರು, 2001ರಲ್ಲಿ ಬ್ರೆಶಿಯಾ ಕ್ಲಬ್‌ನಲ್ಲಿ ಕೋಚ್ ಮಜ್ಜೋನೆ ಹಿಂದಕ್ಕೆ ಇಳಿಸಿದ ಮೇಲೇ ಎಲ್ಲರಿಗೂ ಗೊತ್ತಿರುವ ಆ ಪಿರ್ಲೊ ಆದದ್ದು. ಜರ್ಮನಿಯ ಶ್ವೈನ್‌ಸ್ಟೈಗರ್ ವಿಂಗ್‌ನಿಂದ (ಮೈದಾನದ ಅಂಚಿನಿಂದ) ಮಧ್ಯಕ್ಕೆ ಬಂದದ್ದು 2009ರಲ್ಲಿ, ಫಾನ್ ಖಾಲ್ ಬಾಯರ್ನ್ ಕ್ಲಬ್‌ಗೆ ಕೋಚ್ ಆಗಿ ಬಂದ ಮೇಲೆ.

ಫಿಸಿಯೊ ಒಬ್ಬರ ಉತ್ತರ
ಎತ್ತರದ ಚಿಂತೆ ಬಿಡಿ. ಸ್ಪೇನ್‌ನ ಮಿಡ್‌ಫೀಲ್ಡರ್ ಕ್ಸಾವಿ 1.70 ಮೀಟರ್. ಗಿಡ್ಡಗಿರುವ ಇನ್ನೊಬ್ಬ ಮಿಡ್‌ಫೀಲ್ಡರ್ ಕಾಂಟೆ 2012ರಲ್ಲೂ ಫ್ರಾನ್ಸ್‌ನ ಮೂರನೇ ಹಂತದ ಲೀಗ್‌ನಲ್ಲಿ ಬೂಲೋನ್ ಕ್ಲಬ್‌ಗೆ ಆಡ್ತಿದ್ದರು. ಆಮೇಲೆ ಕಾನ್ ಕ್ಲಬ್, 2015ರಲ್ಲಿ ಇಂಗ್ಲೆಂಡಿನ ಲೆಸ್ಟರ್, 2018ರಲ್ಲಿ ಫ್ರಾನ್ಸ್ ಜೊತೆ ವಿಶ್ವಕಪ್ ಗೆದ್ದರು. ತೂಕ ಮಾತ್ರ ನಿಧಾನಕ್ಕೆ ಏರಲಿ.

ಮಿಡ್‌ಫೀಲ್ಡರ್ ಒಂದು ಪಂದ್ಯಕ್ಕೆ 10ರಿಂದ 12 ಕಿಲೋಮೀಟರ್ ಓಡ್ತಾನೆ, ಅದೂ ನಿಂತು, ತಿರುಗಿ, ಮತ್ತೆ ಓಡುವ ಓಟ. ದಿನಾ ಬೆಳಿಗ್ಗೆ ಕಬ್ಬನ್ ಪಾರ್ಕ್ ಸುತ್ತಿದರೆ ಈ ಓಟ ಬರಲ್ಲ. ಯೋ-ಯೋ ಟೆಸ್ಟಿನ ಮಾದರಿ ಹಿಡಿಯಿರಿ: 20 ಮೀಟರ್ ಹೋಗಿ 20 ಮೀಟರ್ ವಾಪಸ್, 10 ಸೆಕೆಂಡ್ ಬಿಡುವು, ಬೀಪ್ ಜೊತೆ ವೇಗ ಏರ್ತಾ ಹೋಗಬೇಕು.

ಗಾಯ ತಪ್ಪಿಸೋಕೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ '11+' ವಾರ್ಮಪ್ ಸಾಕು. 15 ವ್ಯಾಯಾಮ, 20 ನಿಮಿಷ, ವಾರಕ್ಕೆ ಕನಿಷ್ಠ ಎರಡು ಸಲ. ಪಂದ್ಯದ ದಿನ ಮಧ್ಯದ 10 ನಿಮಿಷದ ಶಕ್ತಿ ವ್ಯಾಯಾಮ ಬಿಟ್ಟು ಓಟದ ಭಾಗಗಳನ್ನಷ್ಟೇ ಮಾಡಿಸಿ. ಅದರಲ್ಲಿರುವ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ (ಮಂಡಿಯೂರಿ ಮೈಯನ್ನು ನಿಧಾನಕ್ಕೆ ಮುಂದಕ್ಕೆ ಬಾಗಿಸುವ, ತೊಡೆಯ ಹಿಂಭಾಗದ ವ್ಯಾಯಾಮ) ಶುರುವಿನಲ್ಲಿ 3ರಿಂದ 5 ಸಲ ಮಾತ್ರ. ಮೊದಲ ದಿನವೇ 15 ಮಾಡಿದವನಿಗೆ ಮೂರು ದಿನ ಮೆಟ್ಟಿಲು ಇಳಿಯೋಕಾಗಲ್ಲ, ನಾಲ್ಕನೇ ದಿನ ವ್ಯಾಯಾಮವನ್ನೇ ಬಿಟ್ಟಿರ್ತಾನೆ. ತೊಡೆಸಂದಿ ನೋವು ಮಿಡ್‌ಫೀಲ್ಡರ್‌ಗಳನ್ನು ತುಂಬಾ ಕಾಡುತ್ತೆ, ಒಳಪಾದದ ಪಾಸ್, ದಿಢೀರ್ ತಿರುವು ಎಲ್ಲಾ ಅಲ್ಲೇ ಎಳೆಯೋದು. "ಸ್ವಲ್ಪ ಹಿಡ್ಕೊಂಡಿದೆ" ಅನ್ನುವ ಹಂತದಲ್ಲೇ ತೋರಿಸಿ.

ಶಾಲೆ, ಕ್ಲಬ್ ಎರಡೂ ಆಡಿ ಭಾನುವಾರ ಗೆಳೆಯರ ಜೊತೆ ಟರ್ಫ್‌ಗೂ ಹೋಗ್ತಾನಾ? ಆ ನಿಮಿಷಗಳನ್ನೂ ವಾರದ ಆಟದ ಲೆಕ್ಕಕ್ಕೆ ಹಾಕಿ. ಟರ್ಫ್‌ನ ಕೃತಕ ಹುಲ್ಲಿಗೆ ಎಫ್‌ಜಿ (ನಿಜ ಹುಲ್ಲಿನ ಮೈದಾನದ) ಬೂಟು ಬೇಡ, ಎಜಿ (ಕೃತಕ ಹುಲ್ಲಿನದು) ಅಥವಾ ಟಿಎಫ್ (ಟರ್ಫ್‌ನದು) ಅಡಿ ಇರಲಿ. ಉದ್ದ ಸ್ಟಡ್ ಹುಲ್ಲಿಗೆ ಕಚ್ಚಿಕೊಂಡಾಗ ಪಾದ ನಿಲ್ಲುತ್ತೆ, ಮಂಡಿ ತಿರುಗುತ್ತೆ.

ಕ್ರೀಡಾ ಆಹಾರ ನೋಡಿಕೊಳ್ಳುವವರ ಉತ್ತರ
ಪಂದ್ಯದ ಹಿಂದಿನ ದಿನ ದೇಹತೂಕದ ಪ್ರತಿ ಕೆಜಿಗೆ 6ರಿಂದ 8 ಗ್ರಾಂ ಕಾರ್ಬೋಹೈಡ್ರೇಟ್. 54 ಕೆಜಿಗೆ ಕಡಿಮೆ ಅಂದರೂ 324 ಗ್ರಾಂ. ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಅಂದುಕೊಂಡು ಲೆಕ್ಕ ಹಾಕಿ, ಮಕ್ಕಳು ಎಷ್ಟು ಕಡಿಮೆ ತಿಂತಾರೆ ಅಂತ ಗೊತ್ತಾಗುತ್ತೆ. ಮುದ್ದೆ ಹಿಂದಿನ ದಿನಕ್ಕೆ ಚೆನ್ನ. ಪಂದ್ಯದ ದಿನ ಮೂರು ನಾಲ್ಕು ಗಂಟೆ ಮುಂಚೆ ಇಡ್ಲಿ, ಬಾಳೆಹಣ್ಣು ಹಗುರ. ಒಂದು ಎಚ್ಚರಿಕೆ: ಮೆಡಿಕಲ್ ಶಾಪಿನ ಕೆಮ್ಮಿನ ಸಿರಪ್ ಕೇಳದೆ ಕೊಡಬೇಡಿ. ಹಲವು ಸಿರಪ್‌ಗಳಲ್ಲಿ ಟರ್ಬುಟಲೀನ್ ಅನ್ನೋ ಔಷಧ ಇರುತ್ತೆ, ಅದು ಆಟಗಾರರಿಗೆ ನಿಷೇಧಿಸಿದ ಔಷಧಗಳ ಪಟ್ಟಿಯಲ್ಲಿದೆ. ಡೋಪ್ ಟೆಸ್ಟಲ್ಲಿ ಸಿಕ್ಕಿಬಿದ್ದರೆ "ಕೆಮ್ಮಿತ್ತು ಸಾರ್" ಅಂದರೆ ಬಿಡಲ್ಲ.

ಒಪ್ಪಂದಗಳ ಕೆಲಸ ಮಾಡುವವರ ಉತ್ತರ
ಆ ಎರಡು ಲಕ್ಷ ಕೊಡಬೇಡಿ ಅಕ್ಕ. ಫಿಫಾ ನಿಯಮದ 19ನೇ ವಿಧಿ ಪ್ರಕಾರ 18 ತುಂಬದ ಆಟಗಾರನನ್ನು ಬೇರೆ ದೇಶದ ಕ್ಲಬ್‌ಗೆ ವರ್ಗಾಯಿಸುವ ಹಾಗಿಲ್ಲ. ಫುಟ್‌ಬಾಲ್ ಬಿಟ್ಟು ಬೇರೆ ಕಾರಣಕ್ಕೆ ತಂದೆತಾಯಿಯೇ ಅಲ್ಲಿಗೆ ನೆಲೆ ಬದಲಿಸಿದ್ದರೆ, ಹೀಗೆ ಕೆಲವೇ ವಿನಾಯಿತಿಗಳಿವೆ. ನಿಮಗೆ ಅನ್ವಯಿಸುವಂಥದ್ದು ಕಾಣುತ್ತಿಲ್ಲ. ದುಡ್ಡು ಕೊಟ್ಟರೆ ಸಿಗೋದು ಟೂರಿಸ್ಟ್ ವೀಸಾ, ಹತ್ತು ದಿನದ ಕ್ಯಾಂಪ್, ಒಂದು ಜೆರ್ಸಿ ಫೋಟೊ. ಆ ವ್ಯಕ್ತಿಗೆ ಫಿಫಾ ಏಜೆಂಟ್ ಲೈಸೆನ್ಸ್ ಇದೆಯಾ ಅಂತ ಫಿಫಾ ವೆಬ್‌ಸೈಟಲ್ಲೇ ಹುಡುಕಬಹುದು. ಇದ್ದರೂ ಅಪ್ರಾಪ್ತ ಆಟಗಾರನ ಹತ್ತಿರ ಬರೋಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಪ್ರಾತಿನಿಧ್ಯದ ಒಪ್ಪಂದ ಎರಡು ವರ್ಷ ಮೀರುವಂತಿಲ್ಲ.

ಇಲ್ಲಿನ ಕ್ಲಬ್ ಒಪ್ಪಂದ ಬಂದಾಗ ನೋಡಬೇಕಾದ್ದು: 18ರೊಳಗೆ ಮೂರು ವರ್ಷಕ್ಕಿಂತ ಹೆಚ್ಚಿಗೆ ಸಹಿ ಬೇಡ, ನಿಯಮವೇ ಅದು. "ಮೆಡಿಕಲ್ ಪಾಸಾದರೆ ಮಾತ್ರ ಒಪ್ಪಂದ ಜಾರಿ" ಅಂತ ಬರೆದಿದ್ದರೆ ಒಪ್ಪಬೇಡಿ. ಮೆಡಿಕಲ್ ಸಹಿಗೆ ಮುಂಚೆ ಆಗಬೇಕು. ಗಾಯವಾದರೆ ಆಪರೇಷನ್ ಖರ್ಚು ಯಾರದ್ದು, ಆ ತಿಂಗಳುಗಳ ಸಂಬಳ ಬರುತ್ತಾ ಅನ್ನೋದು ಒಂದೊಂದು ಸಾಲಲ್ಲಿ ಸ್ಪಷ್ಟವಾಗಿರಲಿ. ಎರಡು ತಿಂಗಳ ಸಂಬಳ ಬಾಕಿಯಾದರೆ 15 ದಿನದ ಲಿಖಿತ ನೋಟಿಸ್ ಕೊಟ್ಟು ಹೊರಬರುವ ಹಕ್ಕು ಆಟಗಾರನಿಗಿದೆ. ವಾಟ್ಸಾಪ್ ಮೆಸೇಜ್ ಸಾಲದು, ಇಮೇಲ್ ಹಾಕಿ ಪ್ರತಿ ಇಟ್ಟುಕೊಳ್ಳಿ. 2025ರಲ್ಲಿ ದೇಶದ ದೊಡ್ಡ ಲೀಗ್ ಐಎಸ್‌ಎಲ್ ಸೀಸನ್ ಮುಂದೆ ಹೋಗಿ ಸಂಬಳ ನಿಂತಾಗ ಒಪ್ಪಂದದ ಭಾಷೆ ಎಷ್ಟು ಮುಖ್ಯ ಅಂತ ಎಲ್ಲರಿಗೂ ತಿಳಿಯಿತು.

ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್‌ನ ಸಿಆರ್‌ಎಸ್ (ಆಟಗಾರರ ಕೇಂದ್ರೀಕೃತ ನೋಂದಣಿ ವ್ಯವಸ್ಥೆ) ನೋಂದಣಿಯಲ್ಲಿರುವ ಹೆಸರು, ಹುಟ್ಟಿದ ದಿನಾಂಕ ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಮೂರಕ್ಕೂ ತಾಳೆಯಾಗಲಿ. ಇನಿಶಿಯಲ್ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರೋದು ನಮ್ಮ ಕಡೆಯ ಮಾಮೂಲಿ ತಲೆನೋವು.

ಲೀಗ್ ಆಟ ಬಲ್ಲವರ ಉತ್ತರ
ಓದು ಬಿಡಿಸಲೇಬೇಡಿ. ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದರೆ ಅಂತರ ವಿಶ್ವವಿದ್ಯಾಲಯ ಟೂರ್ನಿ ಆಡಬಹುದು. ಅದೂ, ರಾಜ್ಯ ತಂಡದ ಸರ್ಟಿಫಿಕೇಟೂ ಸ್ಪೋರ್ಟ್ಸ್ ಕೋಟಾ ಕೆಲಸಕ್ಕೆ ಬರುತ್ತೆ. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಸಣ್ಣದು ಅನ್ನಬೇಡಿ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಗೆದ್ದಾಗ 54 ವರ್ಷದ ಕಾಯುವಿಕೆ ಮುಗಿದಿತ್ತು.

ದೊಡ್ಡ ಹೆಸರಿನ ಕ್ಲಬ್‌ನ ಬೆಂಚಿಗಿಂತ ಚಿಕ್ಕ ಕ್ಲಬ್‌ನ 90 ನಿಮಿಷ ಮೇಲು. ಮಿಡ್‌ಫೀಲ್ಡರ್ ಸುರೇಶ್ ಸಿಂಗ್ ವಾಂಗ್ಜಮ್ 2017ರ ಅಂಡರ್-17 ವಿಶ್ವಕಪ್ ಆದ ಮೇಲೆ ಎಐಎಫ್‌ಎಫ್‌ನ ಯುವ ತಂಡ ಇಂಡಿಯನ್ ಆರೋಸ್‌ನಲ್ಲಿ ಐ-ಲೀಗ್ ಆಡಿಯೇ ಬೆಂಗಳೂರು ಎಫ್‌ಸಿಗೆ ಬಂದದ್ದು. ನಮ್ಮ ಬೆಂಗಳೂರಿನ ಮಿಡ್‌ಫೀಲ್ಡರ್ ಕಾರ್ಲ್ಟನ್ ಚಾಪ್‌ಮನ್ ಜಮ್ಷೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ ಕಲಿತು 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದವರು. ಊರು ಬಿಟ್ಟು ಹಾಸ್ಟೆಲಲ್ಲಿ ಇರೋಕೆ ಹುಡುಗ ತಯಾರಿದ್ದಾನಾ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರ. ಸ್ಪೇನ್‌ನವರಿಗೆ ಬೇಡ ಅಂದೆ. ಮುಂದಿನ ತಿಂಗಳು ಇನ್ನೊಂದು ಟ್ರಯಲ್ಸ್ ಇದೆ. ಆ ದಿನ ಏನು ಮಾಡಬೇಕು?

ಯೂತ್ ಕೋಚ್
ಫಾರಂನಲ್ಲಿ "ಮಿಡ್‌ಫೀಲ್ಡರ್" ಅಂತಷ್ಟೇ ಬರೆಯದೆ "8, 6 ಕೂಡ ಆಡ್ತೀನಿ" ಅಂತ ಬರೆಯಲಿ. ಟೀಮ್ ಹಂಚಿದ ತಕ್ಷಣ ಇಬ್ಬರು ಸೆಂಟರ್ ಬ್ಯಾಕ್‌ಗಳ (ಮಧ್ಯದ ಡಿಫೆಂಡರ್‌ಗಳ) ಹೆಸರು ಕೇಳಿಕೊಂಡು, ಆಟದಲ್ಲಿ ಹೆಸರು ಹಿಡಿದೇ ಕರೆಯಲಿ. ಅಪರಿಚಿತರ ಮಧ್ಯೆ ಹೆಸರು ಕೂಗಿದವನ ಕಾಲಿಗೇ ಚೆಂಡು ಬರೋದು. ಮೊದಲ ಐದು ನಿಮಿಷ ಎರಡು ಟಚ್‌ನ ಸರಳ ಪಾಸ್. ಚೆಂಡು ಕಳೆದುಕೊಂಡರೆ ತಲೆ ಮೇಲೆ ಕೈ ಇಟ್ಟು ನಿಲ್ಲದೆ ಐದು ಸೆಕೆಂಡ್ ಬೆನ್ನಟ್ಟಲಿ. ಅದನ್ನು ಬರೆದುಕೊಳ್ಳುವವರು ಇರ್ತಾರೆ. ಮಧ್ಯದಲ್ಲಿ ತೆಗೆದು ರೈಟ್ ಬ್ಯಾಕ್‌ಗೆ ಹಾಕಿದರೂ ಮುಖ ಸಣ್ಣದು ಮಾಡಬಾರದು. ಬ್ಯಾಗಲ್ಲಿ ಇನ್ನೊಂದು ಜೊತೆ ಲೇಸ್ ಇಟ್ಟು ಕಳಿಸಿ.