ಮರು: ಎಲಾಸ್ಟಿಸಿಟಿಗೆ ಕನ್ನಡ ಪದ (ನಾಳೆಯೇ ಅಚ್ಚಿಗೆ)

> ಸ್ಪ್ರಿಂಗು, ರಬ್ಬರಿನ ಗುಣ ವಿವರಿಸುವ ಫಲಕಕ್ಕೂ ಪಿಯು ಮಕ್ಕಳ ಅರ್ಥಶಾಸ್ತ್ರದ ಕೈಪಿಡಿಗೂ ಒಂದೇ ಪದ ಬೇಕು. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ.

ಒಂದೇ ಪದಕ್ಕೆ ಪಟ್ಟು ಹಿಡಿಯಬೇಡಿ ಮೇಡಂ. ಎರಡೂ ಕಡೆ ವಿಷಯವೇ ಬೇರೆ.

ಫಲಕಕ್ಕೆ 'ಸ್ಥಿತಿಸ್ಥಾಪಕತ್ವ'ವೇ ಸರಿ. ಎಳೆದು ಬಿಟ್ಟ ಮೇಲೆ ಮೊದಲಿನ ಆಕಾರಕ್ಕೆ ಮರಳುವ ಗುಣ ಅದು. ಎಷ್ಟು ಉದ್ದ ಹಿಗ್ಗುತ್ತದೆ ಅನ್ನೋದಲ್ಲ. ಭೌತಶಾಸ್ತ್ರದಲ್ಲಿ ರಬ್ಬರಿಗಿಂತ ಸ್ಟೀಲಿಗೆ ಈ ಗುಣ ಜಾಸ್ತಿ. ಅಷ್ಟೇ ಹಿಗ್ಗಿಸಲು ಸ್ಟೀಲಿಗೆ ಸಾವಿರಾರು ಪಟ್ಟು ಬಲ ಬೇಕು, ಅದು ಅಷ್ಟೇ ಜೋರಾಗಿ ವಾಪಸ್ ಎಳೆಯುತ್ತದೆ.

> ಇಂಗ್ಲಿಷಿಗೆ ಯಾರೋ ಹೊಸೆದ ಸಂಸ್ಕೃತದ ಹೊರೆ ಸಾಕು. 'ಹಿಗ್ಗುತನ' ಅನ್ನಿ, ಮುಗೀತು.

ಮುಗಿಯಲಿಲ್ಲ. ಹೋಳಿಗೆಯ ಕಣಕವೂ ಹಿಗ್ಗುತ್ತದೆ, ವಾಪಸ್ ಬರುತ್ತಾ? ಹೊಸೆದದ್ದು ಅನ್ನೋದೂ ತಪ್ಪು. ನಮ್ಮ ಹಳೆಯ ದರ್ಶನಕಾರರಾದ ನ್ಯಾಯ-ವೈಶೇಷಿಕರು ಒಳಗೆ ಉಳಿದುಕೊಳ್ಳುವ ಗುಣವಾದ 'ಸಂಸ್ಕಾರ'ವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕ ಅಂತ ಮೂರು ಮಾಡಿದ್ದರು. ಅವರ ಪರಂಪರೆಯ ಗ್ರಂಥ ತರ್ಕಸಂಗ್ರಹ ಕೊಡುವ ಉದಾಹರಣೆ ಚಾಪೆ. ಸುತ್ತಿದ ಚಾಪೆಯನ್ನು ಬಿಡಿಸಿ ನೋಡಿ, ತುದಿ ಮತ್ತೆ ಸುರುಳಿಯಾಗುತ್ತದೆ.

ಆದರೆ ಅರ್ಥಶಾಸ್ತ್ರಕ್ಕೂ ಇದನ್ನೇ ಎಳೆದು ತಂದದ್ದು ನನಗೆ ಒಪ್ಪಿಗೆಯಿಲ್ಲ. 1890ರ ಪುಸ್ತಕದಲ್ಲಿ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ ಬೇಡಿಕೆಯ ಬಗ್ಗೆ 'ಎಲಾಸ್ಟಿಸಿಟಿ' ಅನ್ನೋ ಮಾತು ಬಳಸಿದಾಗ ಕೇಳಿದ್ದು ಇಷ್ಟೇ: ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ? ಬೆಲೆ ಶೇ. 10 ಏರಿ ಮಾರಾಟ ಶೇ. 20 ಇಳಿದರೆ ಉತ್ತರ 2. ಬರೀ ಶೇ. 2 ಇಳಿದರೆ 0.2. ಮೊದಲಿನ ಸ್ಥಿತಿಗೆ ಮರಳುವ ಮಾತು ಇಲ್ಲೆಲ್ಲಿದೆ?

ನಮ್ಮಲ್ಲೇ 'ಜಗ್ಗು' ಇದೆಯಲ್ಲ! 'ಯಾವ ಬೆದರಿಕೆಗೂ ಜಗ್ಗಲಿಲ್ಲ' ಅಂತೀವಿ. ಉಪ್ಪಿನ ಬೇಡಿಕೆ ಬೆಲೆಗೆ ಜಗ್ಗುವುದಿಲ್ಲ. ಒಂದು ಕಂಪನಿಯ ಬಿಸ್ಕತ್ತಿನ ಬೇಡಿಕೆ ಜಗ್ಗುತ್ತದೆ, ಪಕ್ಕದಲ್ಲೇ ಇನ್ನೊಂದು ಪೊಟ್ಟಣ ಇರುತ್ತದೆ. 'ಜಗ್ಗುವ ಬೇಡಿಕೆ, ಜಗ್ಗದ ಬೇಡಿಕೆ' ಅಂತ ಬರೆಯಿರಿ. ಪಿಯು ಪಠ್ಯದಲ್ಲಿ ಸ್ಥಿತಿಸ್ಥಾಪಕತ್ವವೇ ಇದೆ, ಹಾಗಾಗಿ ಮೊದಲ ಸಲ ಕಂಸದಲ್ಲಿ ಅದನ್ನೂ ಹಾಕಿ. ಇಲ್ಲದಿದ್ದರೆ ಪರೀಕ್ಷೆಯಲ್ಲಿ ಮಕ್ಕಳು ಒದ್ದಾಡುತ್ತಾರೆ.

> ಸುಮ್ನೆ 'ಎಲಾಸ್ಟಿಕ್' ಅನ್ನಿ. ಜನ ಆಡೋದು ಅದನ್ನೇ.

ಟೈಲರ್ ಅಂಗಡಿಯಲ್ಲಿ ಖಂಡಿತ ಅನ್ನೋಣ. ಅಲ್ಲಿ ಅದು ಸೊಂಟಕ್ಕೆ ಹಾಕುವ ಪಟ್ಟಿಯ ಹೆಸರು, ಅಚ್ಚ ಕನ್ನಡದ ಮಾತೇ ಆಗಿಹೋಗಿದೆ. ಫಲಕದ ಮೇಲೆ 'ಸ್ಟೀಲು ರಬ್ಬರಿಗಿಂತ ಎಲಾಸ್ಟಿಕ್' ಅಂತ ಹಾಕಿದರೆ ನೋಡಿದವರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ.