ಆರ್ಕಿಟೆಕ್ಚರ್ ಓದುವವರು ಊರು ಹಸಿರಾಗಲು ನಿಜವಾಗಿ ಏನು ಮಾಡಬಹುದು? ಪೋಸ್ಟರ್, ಜಾಥಾ ಬಿಟ್ಟು ಹೇಳಿ

ಕಲಬುರಗಿ_ಬಿಸಿಲು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಬಿ.ಆರ್ಕ್ ನಾಲ್ಕನೇ ವರ್ಷ ಓದುತ್ತಿದ್ದೇನೆ, ಊರು ಕಲಬುರಗಿ ಕಡೆ. ಒಂದು ಪ್ರಶ್ನೆ ಬಹಳ ದಿನದಿಂದ ಕೊರೆಯುತ್ತಿದೆ. ಇಲ್ಲಿ ಮನೆ ಕಟ್ಟುವವರು, ಕಟ್ಟಿಸಿದವರು, ನನ್ನ ಹಾಗೆ ಓದುವವರು ಎಲ್ಲ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಪ್ರತಿ ವರ್ಷ ಜೂನ್ 5ರ ಪರಿಸರ ದಿನ ಬಂದರೆ ಜಾಥಾ ಮಾಡುತ್ತೇವೆ, ಪೋಸ್ಟರ್ ಬರೆಯುತ್ತೇವೆ, ಸಸಿ ನೆಡುತ್ತೇವೆ. ಸ್ಟುಡಿಯೋದಲ್ಲಿ ಎಲಿವೇಷನ್ (ಕಟ್ಟಡದ ಮುಂಭಾಗದ ಚಿತ್ರ) ತುಂಬ ಬಳ್ಳಿ ಇಳಿಬಿಟ್ಟು, ತಾರಸಿ ಮೇಲೆ ಮರ ಬರೆದು ಸಸ್ಟೇನಬಲ್ ಅಂತ ಬರೆದರೆ ಸಾಕು, ನಮ್ಮ ಕೆಲಸ ನೋಡಿ ತೀರ್ಪು ಹೇಳುವ ಜ್ಯೂರಿಯಲ್ಲಿ ಹೆಚ್ಚು ಪ್ರಶ್ನೆ ಬರುವುದಿಲ್ಲ. ಕಳೆದ ಸಲ ಹೊರಗಿನಿಂದ ಬಂದಿದ್ದ ಒಬ್ಬರು ಮಾತ್ರ ಕೇಳಿದರು, "ಈ ಮರದ ಬೇರಿಗೆ ಎಷ್ಟು ಅಡಿ ಮಣ್ಣು ಕೊಟ್ಟಿದ್ದೀಯಮ್ಮ? ಆ ಮಣ್ಣು ನೆನೆದಾಗ ಅದರ ಭಾರ ಯಾವ ಬೀಮ್ ಹೊರುತ್ತದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ವಾರ ಕಂಪ್ಯೂಟರ್ ಮುಂದೆ ಕೂತು ಮಾಡಿದ ಚಿತ್ರ ಅದು.

ಇನ್ನೊಂದು ಕಡೆ ನಮ್ಮದೇ ಮನೆ. ಹಳ್ಳಿಯಲ್ಲಿ ಮುತ್ಯಾನ (ಅಜ್ಜನ) ಮನೆ ಇದೆ. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ (ಮಣ್ಣು ಬಡಿದ ಚಪ್ಪಟೆ ಚಾವಣಿ), ನಡುವೆ ಒಂದು ಬೆಳಕಿಂಡಿ, ನೆಲಕ್ಕೆ ಶಹಾಬಾದಿ ಕಲ್ಲಿನ ಪರಸಿ. ಅಪ್ಪ ಪೇಟೆಯಲ್ಲಿ ಕಟ್ಟಿಸಿದ್ದು ಆರ್‌ಸಿಸಿ ಮನೆ. ಮೇ ತಿಂಗಳಲ್ಲಿ ರಾತ್ರಿ ಹನ್ನೊಂದಾದರೂ ಸೀಲಿಂಗ್‌ನಿಂದ ಬಿಸಿ ಇಳಿಯುತ್ತಲೇ ಇರುತ್ತದೆ, ಫ್ಯಾನ್ ಹಾಕಿದರೆ ಆ ಬಿಸಿಯೇ ಮುಖಕ್ಕೆ ಹೊಡೆಯುತ್ತದೆ. ಬೇಸಿಗೆಯಲ್ಲಿ ಮುತ್ಯಾ ಅಲ್ಲಿಗೆ ಬರುವುದೇ ಇಲ್ಲ. "ಆ ಮನ್ಯಾಗ ಹಗಲಿಗಿಂತ ರಾತ್ರೀನೇ ಜಾಸ್ತಿ ಕುದೀತದ" ಅಂತಾರೆ.

ನನಗಿನ್ನೂ ರಿಜಿಸ್ಟ್ರೇಷನ್ ಇಲ್ಲ, ಕ್ಲೈಂಟ್ ಇಲ್ಲ, ದುಡ್ಡೂ ಇಲ್ಲ. ಇರುವುದು ರಜೆಯ ಎರಡು ತಿಂಗಳು, ನಕ್ಷೆ ಬರೆಯಲು ಬರುತ್ತದೆ ಅಷ್ಟೇ. ಚಿಕ್ಕದಾದರೂ ಪರವಾಗಿಲ್ಲ, ಸುಳ್ಳಲ್ಲದ ಕೆಲಸ ಯಾವುದಿದೆ?

ನಕ್ಷೆ_ಜಯನಗರ:

ಅಳೆಯಿರಿ. ನನ್ನ ಉತ್ತರ ಇಷ್ಟೇ, ಆದರೆ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸುವ ತನಕ ನೀವು ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕುವಂತಿಲ್ಲ. ಟೇಪು, ಥರ್ಮಾಮೀಟರ್ ಹಿಡಿಯಲು ಯಾರ ಪರವಾನಗಿಯೂ ಬೇಡ. ಕೆಲಸಕ್ಕೆ ಬಿದ್ದ ಮೇಲೆ ನಮಗೆ ಸಿಗದೇ ಇರುವುದು ಸಮಯ. ಕಟ್ಟಿ ಮುಗಿಸಿದ ಮನೆಗೆ ಬೇಸಿಗೆಯಲ್ಲಿ ಹೋಗಿ ಒಳಗೆ ಎಷ್ಟು ಸೆಕೆ ಇದೆ ಅಂತ ನೋಡಿದ್ದು ನನ್ನ ಇಪ್ಪತ್ತು ವರ್ಷದಲ್ಲಿ ಬಹಳ ಕಡಿಮೆ, ಇದನ್ನು ಬೇಸರದಿಂದಲೇ ಹೇಳುತ್ತಿದ್ದೇನೆ. ನಿಮ್ಮ ಹತ್ತಿರ ಎರಡು ತಿಂಗಳಿದೆ, ಎರಡು ಮನೆ ಇದೆ.

ಮೇ ತಿಂಗಳಲ್ಲಿ ಎರಡು ವಾರ, ಮಧ್ಯಾಹ್ನ 2ಕ್ಕೆ, ರಾತ್ರಿ 10ಕ್ಕೆ, ಬೆಳಗ್ಗೆ 5ಕ್ಕೆ ಬರೆದಿಡಿ. ಹೊರಗೆ ನೆರಳಿನಲ್ಲಿ ಎಷ್ಟು, ಒಳಗೆ ಮಲಗುವ ಎತ್ತರದಲ್ಲಿ ಎಷ್ಟು, ಸೀಲಿಂಗ್ ಕೆಳಗೆ ಎಷ್ಟು. ಹಳ್ಳಿ ಬೇರೆ, ಪೇಟೆ ಬೇರೆ, ಹಾಗಾಗಿ ಎರಡೂ ಕಡೆ ಹೊರಗಿನ ಲೆಕ್ಕ ಬೇಕೇ ಬೇಕು. ಐದಿಂಚಿನ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನು ಮನೆಯೊಳಗೆ ಬಿಡುತ್ತದೆ. ಮಾಳಿಗೆಯ ದಪ್ಪ ಮಣ್ಣಿನಲ್ಲಿ ಬಿಸಿ ಕೆಳಗೆ ಮುಟ್ಟುವುದಕ್ಕೇ ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಹೊರಗೆ ತಂಪಾಗಿರುತ್ತದೆ. ಮುತ್ಯಾ ಹೇಳಿದ್ದು ಸರಿ, ಅದನ್ನು ಅಂಕಿಯಲ್ಲಿ ಬರೆದು ತೋರಿಸುವುದು ನಿಮ್ಮ ಕೆಲಸ. ಹಾಗಂತ ಎಲ್ಲರೂ ಮಣ್ಣಿನ ಮಾಳಿಗೆಗೆ ವಾಪಸ್ ಹೋಗಿ ಅಂದರೆ ಯಾರೂ ಕೇಳುವುದಿಲ್ಲ. ಮಳೆಗೆ ಮುಂಚೆ ಮೇಲೆ ಹತ್ತಿ ಮಣ್ಣು ಹಾಕಿ ಬಡಿಯುವವರು ಎಲ್ಲಿದ್ದಾರೆ? ಇರುವ ಸ್ಲ್ಯಾಬನ್ನೇ ತಂಪು ಮಾಡುವ ದಾರಿ ನೋಡಿ. ಬಿಳಿ ಸುಣ್ಣ, ಬಿಳಿ ಟೈಲ್ ಚೂರು, ನೆರಳು. ನಿಮ್ಮ ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆ ಅಂತಲೇ ಒಂದು ನೀತಿ ತಂದಿದೆ. ಬಿಸಿಲಿನಲ್ಲಿ ಕಲಬುರಗಿ ಏನು ಕಡಿಮೆಯಾ?

ಬೆಂಗಳೂರಿನಲ್ಲಿ ಇರುವಾಗ ಡೊಮ್ಲೂರಿನಲ್ಲಿರುವ ಟೆರಿ ಅನ್ನುವ ಇಂಧನ-ಸಂಪನ್ಮೂಲ ಸಂಶೋಧನಾ ಸಂಸ್ಥೆಯ ಕಟ್ಟಡ ನೋಡಿ ಬನ್ನಿ. ಆರ್ಕಿಟೆಕ್ಟ್ ಸಂಜಯ್ ಮೋಹೆ ಅವರ ವಿನ್ಯಾಸ. ದಕ್ಷಿಣದ ಪಕ್ಕದಲ್ಲಿ ಕೊಳಚೆ ಕಾಲುವೆ, ಗಾಳಿ ಬೀಸುವುದೂ ಆ ಕಡೆಯಿಂದಲೇ. ಅಲ್ಲಿ ಕಿಟಕಿ ಇಟ್ಟರೆ ನಾತ, ಮುಚ್ಚಿದರೆ ಎಸಿ. ಅವರು ಮಾಡಿದ್ದು ಮೂರನೆಯದು. ದಕ್ಷಿಣಕ್ಕೆ ಕಪ್ಪು ಕಡಪ ಕಲ್ಲಿನ ಗೋಡೆ, ಅದರ ಹಿಂದೆ ಪೊಳ್ಳು ಜಾಗ. ಬಿಸಿಲಿಗೆ ಕಲ್ಲು ಕಾಯುತ್ತದೆ, ಪೊಳ್ಳಿನ ಗಾಳಿ ಮೇಲೇರುತ್ತದೆ, ಆ ಎಳೆತಕ್ಕೆ ಉತ್ತರದಿಂದ ಶುದ್ಧ ಗಾಳಿ ಒಳಗೆ ಬರುತ್ತದೆ. ಸೈಟಿನ ಕೆಟ್ಟ ಗುಣವನ್ನೇ ಮೊದಲು ನೋಡಿದ್ದಕ್ಕೆ ಆ ವಿನ್ಯಾಸ ಹುಟ್ಟಿತು.

ನೀರಿಗೂ ಇದೇ ಮಾತು. 1000 ಚದರಡಿ ತಾರಸಿ, ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿ.ಮೀ. ಲೆಕ್ಕ ಹಾಕಿದರೆ 90 ಸಾವಿರ ಲೀಟರ್, ಐದರಲ್ಲಿ ಒಂದು ಪಾಲು ಹಾಳಾದರೂ 72 ಸಾವಿರ. ಈ ಊರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿ.ಮೀ. ದೂರದಿಂದ, ಅದೂ ಪಂಪ್ ಮಾಡಿ ಮೇಲೆತ್ತಿ. 30×40 ಸೈಟಿನಲ್ಲಿ ಹೊಸದಾಗಿ ಕಟ್ಟುವವರಿಗೆ 2009ರಿಂದಲೇ ಮಳೆನೀರು ಕೊಯ್ಲು ಕಡ್ಡಾಯ. ಆದರೂ ಎಷ್ಟೋ ಮನೆಗಳಲ್ಲಿ ಪೈಪು ಇಳಿದು ನೇರ ಮೋರಿಗೆ ಹೋಗುತ್ತದೆ. ನಿಮ್ಮ ಬ್ಯಾಚಿನ ಹತ್ತು ಜನ ಒಂದು ಬೀದಿ ಹಿಡಿದು, ಯಾರ ಮನೆ ಪೈಪು ಎಲ್ಲಿಗೆ ಹೋಗುತ್ತದೆ, ಅದನ್ನು ಸಂಪಿಗೆ ತಿರುಗಿಸಲು ಎಷ್ಟು ಅಡಿ ಪೈಪು ಬೇಕು ಅಂತ ಬರೆದುಕೊಟ್ಟರೆ ಅದು ಜಾಥಾಗಿಂತ ದೊಡ್ಡ ಕೆಲಸ.

ಮಣ್ಣಿನ ಬ್ಲಾಕ್ ಬಗ್ಗೆಯೂ ಆಸೆ ಇರುತ್ತದೆ, ಅಲ್ವಾ. ಐಐಎಸ್‌ಸಿಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ಒದಗಿಸಲು ಅಸ್ತ್ರ ಅನ್ನುವ ವಿಭಾಗ ಶುರು ಮಾಡಿದರು, ಕೆ.ಎಸ್. ಜಗದೀಶ್ ಅವರಂಥವರು ವರ್ಷಗಟ್ಟಲೆ ಕೆಲಸ ಮಾಡಿ ಈ ಬ್ಲಾಕನ್ನು ನಂಬಬಹುದಾದ ವಸ್ತುವಾಗಿ ಮಾಡಿದರು. ಸುಡುವುದು ಬೇಡ, ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದರೆ ಸಾಕು. ಬೆಂಗಳೂರಿನ ಕೆಂಪು ಮಣ್ಣಿಗೆ ಅದು ಚೆನ್ನಾಗಿ ಒಗ್ಗುತ್ತದೆ. ನಿಮ್ಮ ಕಡೆಯ ಎರೆ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಅದನ್ನೇ ತೆಗೆದು ಒತ್ತಿದರೆ ಗೋಡೆ ಸೀಳುತ್ತದೆ. ನಿಮ್ಮಲ್ಲಿ ಕಲ್ಲು ಇದೆ, ಅದನ್ನು ನೋಡಿ.

ಗಾರೆ_ತುಮಕೂರು:

ತಂಗಿ, ನಾನು ಓದಿದ್ದು ಹತ್ತನೇ ಕ್ಲಾಸು, ಗಾರೆ ಕೆಲಸದಿಂದ ಶುರು ಮಾಡಿ ಈಗ ಚಿಕ್ಕಪುಟ್ಟ ಕಂಟ್ರಾಕ್ಟ್ ಮಾಡುತ್ತೇನೆ. ಸರ್ ಹೇಳಿದ್ದೆಲ್ಲ ಸರಿ. ನಾನು ಸೈಟಿನಲ್ಲಿ ಕಣ್ಣಾರೆ ನೋಡುವ ದಂಡ ಹೇಳುತ್ತೇನೆ, ಅದು ನಿಮ್ಮ ಪೆನ್ಸಿಲಿನಿಂದಲೇ ತಪ್ಪುತ್ತದೆ.

ಪ್ಲಾನಿನಲ್ಲಿ ರೂಮು 10 ಅಡಿ 4 ಇಂಚು ಅಂತ ಬರುತ್ತದೆ. ಯಾಕೆ ಆ 4 ಇಂಚು ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. 2×2 ಟೈಲು ಐದು ಕೂತ ಮೇಲೆ ಆ 4 ಇಂಚಿಗೆ ಪಟ್ಟಿ ಕೊಯ್ಯಬೇಕು, ತೆಳು ಪಟ್ಟಿ ಕಟ್ಟರಿಗೆ ಸಿಕ್ಕರೆ ಎಷ್ಟೋ ಒಡೆದು ಹೋಗುತ್ತವೆ. ಕಂಬಿ ಬರುವುದು 12 ಮೀಟರ್ ಉದ್ದ. 14 ಅಡಿಯ ತುಂಡು ಬೇಕು ಅಂದರೆ ಎರಡೇ ಬರುತ್ತದೆ, ಹನ್ನೊಂದು ಅಡಿ ಉಳಿಯುತ್ತದೆ. 13 ಅಡಿ ಆಗಿದ್ದರೆ ಮೂರು ಬರುತ್ತಿತ್ತು. ಸಾಲಿಡ್ ಬ್ಲಾಕು 16 ಇಂಚು, ಗೋಡೆ ಉದ್ದ ಅದಕ್ಕೆ ಕೂಡಿ ಬರದಿದ್ದರೆ ಪ್ರತಿ ವರಸೆಯಲ್ಲೂ ಒಂದು ಬ್ಲಾಕು ಒಡೆಯಬೇಕು. ಇದೆಲ್ಲ ಕೊನೆಗೆ ಟ್ರ್ಯಾಕ್ಟರಿನಲ್ಲಿ ಹೋಗಿ ಯಾವುದೋ ಕೆರೆ ಅಂಚಿನಲ್ಲಿ ಬೀಳುತ್ತದೆ. ನನ್ನ ಕಣ್ಣೆದುರೇ ಬಿದ್ದಿದೆ, ತಡೆಯಲು ಆಗಲಿಲ್ಲ, ಅದಕ್ಕೆ ನೋವಿದೆ.

ಇನ್ನೊಂದು, ಸಜ್ಜಾ. ಈಗಿನ ಬಾಕ್ಸ್ ಎಲಿವೇಷನ್ನಿಗೆ ಸಜ್ಜಾ ಬೇಡ ಅಂತಾರೆ. ಎರಡಡಿ ಸಜ್ಜಾ ಇಲ್ಲದ ಕಿಟಕಿಗೆ ಬಿಸಿಲು ನೇರ ಬರುತ್ತದೆ, ಇರಚಲು ಹೊಡೆಯುತ್ತದೆ, ಆಮೇಲೆ ಕಿಟಕಿ ಮುಚ್ಚಿ ಎಸಿ ಹಾಕುತ್ತಾರೆ.

ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ಆರ್ಕಿಟೆಕ್ಟ್ ಲಾರಿ ಬೇಕರ್ ಕೇರಳದಲ್ಲಿ ಕಟ್ಟಿಸಿದ ರ‍್ಯಾಟ್ ಟ್ರ್ಯಾಪ್ ಗೋಡೆಯನ್ನು ನಾನು ಒಬ್ಬ ಇಂಜಿನಿಯರ್ ಹತ್ತಿರ ಕಲಿತೆ. ಇಟ್ಟಿಗೆ ಅಡ್ಡ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸುವುದು, ನಡುವೆ ಪೊಳ್ಳು ಬಿಡುವುದು. ಗೋಡೆ ದಪ್ಪ ಅಷ್ಟೇ, ಇಟ್ಟಿಗೆ ಕಾಲು ಭಾಗ ಉಳಿಯುತ್ತದೆ, ಪೊಳ್ಳು ಇರುವುದರಿಂದ ಒಳಗೆ ತಂಪು. ಇಟ್ಟಿಗೆ ಮಾತ್ರ ಒಂದೇ ಅಳತೆ ಇರಬೇಕು, ಅಂಕುಡೊಂಕು ಇಟ್ಟಿಗೆಯಲ್ಲಿ ಇದು ಆಗುವುದಿಲ್ಲ. ನಮ್ಮ ಹುಡುಗರಿಗೆ ಮೊದಲ ದಿನ ಕೈ ತಡವರಿಸಿತು, ನಾಲ್ಕನೇ ದಿನಕ್ಕೆ ಸಲೀಸಾಯಿತು. ಹೊಸದನ್ನು ಮೇಸ್ತ್ರಿಗಳು ಮಾಡುವುದಿಲ್ಲ ಅಂತ ಓದಿದವರು ಹೇಳುತ್ತಾರೆ. ನಾವು ಮಾಡುತ್ತೇವೆ, ಯಾರಾದರೂ ಪಕ್ಕದಲ್ಲಿ ನಿಂತು ತೋರಿಸಬೇಕು, ಮೊದಲ ನಾಲ್ಕು ದಿನ ಕೆಲಸ ನಿಧಾನ ಆದರೆ ಕೂಲಿ ಹಿಡಿಯಬಾರದು, ಅಷ್ಟೇ. ರಜೆಯಲ್ಲಿ ಒಂದು ವಾರ ಸೈಟಿಗೆ ಬಾ, ಕರಣೆ ಹಿಡಿ, ನಾಲ್ಕಡಿ ಗೋಡೆ ನೀನೇ ಕಟ್ಟು. ಆಮೇಲೆ ನೀನು ಬರೆಯುವ ಗೆರೆಯೇ ಬೇರೆ ಆಗುತ್ತದೆ.

ಅಗ್ರಹಾರದ_ಮನೆ:

ಮಗು, ನಾನು ಮೈಸೂರಿನವಳು. ನಮ್ಮದು ತೊಟ್ಟಿ ಮನೆ, ಮುಂದಿನ ಭಾಗಕ್ಕೆ ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ್ದು), ಹಿಂದೆ ಹೆಂಚು. ನಿಮ್ಮ ಹಾಗೆ ಓದುವ ಮಕ್ಕಳು ಮೂರು ಸಲ ನಮ್ಮ ಮನೆ ಅಳೆಯಲು ಬಂದಿದ್ದಾರೆ. ಒಳ್ಳೆಯ ಮಕ್ಕಳು. ಎರಡು ದಿನ ಟೇಪು ಹಿಡಿದು ಅಟ್ಟ ಹತ್ತಿ ಇಳಿದರು, ನಾನೇ ಉಪ್ಪಿಟ್ಟು ಮಾಡಿ ಹಾಕಿದೆ. ನಕ್ಷೆಯ ಪ್ರತಿ ಕೊಡುತ್ತೇವೆ ಅಂದರು. ಮೂರು ಸಲವೂ ಬರಲಿಲ್ಲ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ತಾರಸಿಯ ಒಂದು ತೊಲೆ ಕೆಳಗೆ ಬಾಗಿತು. ನೋಡಲು ಬಂದವರು ಹಳೇ ನಕ್ಷೆ ಇದೆಯಾ ಅಂದರು. ಇಲ್ಲ ಅಂದೆ. ಹಾಗಾದರೆ ಕೆಡವಿಬಿಡಿ, ಹೊಸದು ಕಟ್ಟುವುದೇ ಸುಲಭ ಅಂದರು. ಆ ತೊಲೆ ಎಲ್ಲಿಂದ ಎಲ್ಲಿಗಿದೆ, ಯಾವ ಗೋಡೆ ಭಾರ ಹೊರುತ್ತದೆ ಅನ್ನುವುದೆಲ್ಲ ಆ ಮಕ್ಕಳ ಹಾಳೆಯಲ್ಲಿ ಇತ್ತು! ಕೊನೆಗೆ ಒಬ್ಬ ಹಳೇ ಬಡಗಿ ಸಿಕ್ಕರು, ತೊಲೆ ಬದಲಾಯಿಸಿದರು, ಮನೆ ಉಳಿಯಿತು.

ನಮ್ಮೂರಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ ಕುಸಿಯಿತು, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿತ್ತು. ಕೆಡವಬೇಕೋ ಉಳಿಸಬೇಕೋ ಅಂತ ಎಷ್ಟು ವರ್ಷ ಜಗಳ ನಡೆಯಿತು ನಮಗೆ ಗೊತ್ತು. ಅವೆಲ್ಲ ದೊಡ್ಡ ಕಟ್ಟಡ, ಅವುಗಳ ಪರವಾಗಿ ಮಾತಾಡುವವರು ಇದ್ದರು. ನಮ್ಮಂಥ ಮನೆಗಳು ಒಂದು ಬೆಳಗ್ಗೆ ಜೆಸಿಬಿ ಬಂದರೆ ಸಂಜೆಗೆ ಇರುವುದಿಲ್ಲ. ನಮ್ಮ ಗೋಡೆಯ ಇಟ್ಟಿಗೆ ಸುಡಲು ಬೇಕಾದ ಸೌದೆ ನೂರು ವರ್ಷದ ಹಿಂದೆಯೇ ಉರಿದು ಹೋಗಿದೆ. ಕೆಡವಿದರೆ ಮತ್ತೆ ಮೊದಲಿಂದ ಸುಡಬೇಕು, ಅಲ್ವಾ? ಅಳೆದ ಮನೆಯವರಿಗೆ ಒಂದು ಪ್ರತಿ ಕೊಡಿ, ಕನ್ನಡದಲ್ಲಿ ಬರೆದು ಕೊಡಿ. ನಾನು ಕೇಳುವುದು ಇದೊಂದೇ.

ರಾಜಕಾಲುವೆ_ಪಕ್ಕ:

ಒಂದೇ ಮಾತು ಸೇರಿಸುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಲೇಔಟ್‌ಗಳಿಗೆ ನೀರು ನುಗ್ಗಿ, ಜನರನ್ನು ದೋಣಿ, ಟ್ರ್ಯಾಕ್ಟರಿನಲ್ಲಿ ಹೊರಗೆ ತಂದಾಗ ನಮ್ಮ ಬೀದಿಯಲ್ಲಿ ಎಲ್ಲರೂ ಕೇಳಿದ್ದು ಈ ನೀರು ಎಲ್ಲಿಂದ ಬಂತು ಅಂತ. ಕಂದಾಯ ಇಲಾಖೆಯ ಹಳೇ ಗ್ರಾಮ ನಕ್ಷೆಯಲ್ಲಿ ಕೆರೆ, ಕಾಲುವೆ ಎಲ್ಲ ಇವೆ. ಅದನ್ನು ಈಗಿನ ಬೀದಿಗಳ ಮೇಲೆ ಇಟ್ಟು ನೋಡಲು ನಮಗೆ ಬರುವುದಿಲ್ಲ, ನಿಮಗೆ ಬರುತ್ತದೆ. ಏರು ಯಾವ ಕಡೆ, ತಗ್ಗು ಯಾವ ಕಡೆ ಅಂತ ಗೆರೆ ಎಳೆದು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಮಾಡಿ ಹಾಲಿನ ಬೂತ್ ಪಕ್ಕ ಅಂಟಿಸಿ. ಸೈಟು ಕೊಳ್ಳುವವರು ಅದನ್ನು ನೋಡಿ ಕೊಳ್ಳುತ್ತಾರೆ.

ಕಲಬುರಗಿ_ಬಿಸಿಲು:

ಎಲ್ಲವನ್ನೂ ಎರಡೆರಡು ಸಲ ಓದಿದೆ. ಅಮ್ಮಾ, ನಿಮ್ಮ ಮಾತಿಗೆ ತಲೆ ತಗ್ಗಿಸಿದ್ದೇನೆ. ನಾವೂ ನಾಸಾ ಅಂದರೆ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಸಂಘದ ಲೂಯಿ ಕಾನ್ ಟ್ರೋಫಿಗೆ ನಮ್ಮ ಕಡೆಯ ಒಂದು ವಾಡೆ (ಹಳೇ ಕಾಲದ ದೊಡ್ಡ ಮನೆ) ಅಳೆದಿದ್ದೆವು. ಒಂಬತ್ತು ಜನ, ಹನ್ನೊಂದು ದಿನ. ಆ ಶೀಟುಗಳು ಈಗ ಹಾಸ್ಟೆಲಿನ ಕಪಾಟಿನ ಮೇಲೆ ಸುತ್ತಿಟ್ಟ ಹಾಗೇ ಇವೆ. ಇವತ್ತು ಇಳಿಸಿ ಧೂಳು ಒರೆಸಿದೆ. ಇಂಗ್ಲಿಷಿನ ಹೆಸರುಗಳನ್ನು ತೆಗೆದು ಪಡಸಾಲೆ, ದೇವರ ಮನೆ, ಬಚ್ಚಲು, ಹಗೇವು (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಅಂತ ಬರೆದು ಆ ಮನೆಯವರಿಗೆ ನಾನೇ ಕೊಟ್ಟು ಬರುತ್ತೇನೆ.

ಗಾರೆ ಅಣ್ಣ, ಜೂನ್ ಮೊದಲ ವಾರ ತುಮಕೂರಿಗೆ ಬರುತ್ತೇನೆ, ಇನ್ನಿಬ್ಬರು ಗೆಳತಿಯರೂ ಬರುತ್ತಾರೆ.

ಸರ್, ಅಪ್ಪನ ಹತ್ತಿರ ಮಾತಾಡಿದೆ. ತಾರಸಿಯ ಅರ್ಧಕ್ಕೆ ಸುಣ್ಣ ಬಳಿದು ಇನ್ನರ್ಧ ಹಾಗೇ ಬಿಡಲು ಒಪ್ಪಿದ್ದಾರೆ. ಕೆಳಗೆ ಎರಡು ರೂಮು, ಹೆಚ್ಚು ಕಡಿಮೆ ಒಂದೇ ಅಳತೆ. ಹೋದ ದಿನವೇ ಬಳಿದುಬಿಡಲಾ?

ನಕ್ಷೆ_ಜಯನಗರ:

ಬೇಡ. ಮೊದಲ ಒಂದು ವಾರ ಏನೂ ಬಳಿಯದೆ ಎರಡೂ ರೂಮು ಅಳೆಯಿರಿ. ಒಂದಕ್ಕೆ ಪಶ್ಚಿಮದ ಗೋಡೆ ಇದ್ದರೆ ಅದು ಮೊದಲೇ ಜಾಸ್ತಿ ಬಿಸಿ ಇರುತ್ತದೆ, ಆ ವ್ಯತ್ಯಾಸ ಗೊತ್ತಿಲ್ಲದೆ ಸುಣ್ಣದ ಲೆಕ್ಕ ಸಿಗುವುದಿಲ್ಲ. ಎರಡು ಥರ್ಮಾಮೀಟರನ್ನೂ ಒಂದು ರಾತ್ರಿ ಪಕ್ಕ ಪಕ್ಕ ಇಟ್ಟು ಒಂದೇ ಅಂಕಿ ತೋರಿಸುತ್ತವಾ ನೋಡಿ. ಕಿಟಕಿ ತೆಗೆದದ್ದು, ಮುಚ್ಚಿದ್ದು, ಫ್ಯಾನ್ ಹಾಕಿದ್ದು ಎಲ್ಲ ಬರೆದಿಡಿ. ನನ್ನ ಹತ್ತಿರ ಎರಡು ಥರ್ಮಾಮೀಟರ್ ಸುಮ್ನೆ ಬಿದ್ದಿವೆ, ಊರಿಗೆ ಹೊರಡುವ ಮುಂಚೆ ಜಯನಗರಕ್ಕೆ ಬಂದು ತೆಗೆದುಕೊಂಡು ಹೋಗಿ.

ಕಲಬುರಗಿ_ಬಿಸಿಲು:

ಶನಿವಾರ ರಾತ್ರಿ ಬಸ್ಸು ಸರ್. ಬೆಳಗ್ಗೆಯೇ ಬರುತ್ತೇನೆ.